ಅಲಗಿನ ಮೇಲಿನ ಮಂಜು

ಹಳೆಯ ಜಪಾನಿ ಕತ್ತಿಯನ್ನು ನೋಡುವುದಕ್ಕೆ ಟ್ಯೂಬ್‌ಲೈಟ್ ಪ್ರಯೋಜನಕ್ಕೆ ಬಾರದು. ಕೋಣೆಯನ್ನು ಕತ್ತಲು ಮಾಡಿ, ಒಂದೇ ಒಂದು ಬಲ್ಬು ಉರಿಸಿ, ಅಲಗನ್ನು ಅದರ ಕಡೆಗೆ ಚಾಚಿ ಮೆಲ್ಲಗೆ ಓರೆ ಮಾಡಬೇಕು. ಆಗ ಬಾಯಿಯ, ಅಂದರೆ ಹರಿತವಾದ ಅಂಚಿನ, ಉದ್ದಕ್ಕೂ ಬೆಳ್ಳನೆಯ ಅಲೆಯೊಂದು ಏಳುತ್ತದೆ. ಇದೇ ಹಾಮೊನ್. ಮೊದಲ ನೋಟಕ್ಕೆ ಕಾಣುವ ಬಿಳುಪಿಗೆ ಮಾತ್ರ ಮೋಸಹೋಗಬಾರದು. ಎಷ್ಟೋ ಸಲ ಅದು ಸಾಣೆಗಾರ ತೆಳುವಾದ ಕಲ್ಲಿನ ಚೂರನ್ನು ಬೆರಳಡಿ ಇಟ್ಟು ಉಜ್ಜಿ ಮೂಡಿಸಿದ ಸಿಂಗಾರ, ಹದೊರಿ ಎನ್ನುತ್ತಾರೆ. ನಿಜವಾದ ಹಾಮೊನ್ ಅದರೊಳಗೆ, ಬೆಳಕು ಸರಿಯಾದ ಕೋನದಲ್ಲಿ ಬಿದ್ದಾಗ ಮಾತ್ರ ಮಿನುಗುತ್ತದೆ.

ಕಮ್ಮಾರ ಅದನ್ನು ಬರೆಯುವುದು ಮಣ್ಣಿನಲ್ಲಿ. ಜೇಡಿ, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮೆತ್ತುತ್ತಾನೆ. ಒಣಗಿದ ಮೇಲೆ ಸುಮಾರು 750ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಕಾವನ್ನು ಅಳೆಯುವುದು ಕೆಂಡದ ಬಣ್ಣ ನೋಡಿ. ಅದಕ್ಕೇ ಕುಲುಮೆಮನೆಯಲ್ಲಿ ಕತ್ತಲಿರಬೇಕು. ತಟ್ಟನೆ ತಣಿದ ಬಾಯಿ ಮಾರ್ಟೆನ್‌ಸೈಟ್ ಎಂಬ ಗಡುಸು ಹರಳಾಗುತ್ತದೆ, ನಿಧಾನವಾಗಿ ತಣಿದ ಬೆನ್ನು ಮೆತುವಾದ ಪರ್ಲೈಟ್ ಆಗಿ ಉಳಿಯುತ್ತದೆ. ಮಾರ್ಟೆನ್‌ಸೈಟಿಗೆ ಜಾಗ ಹೆಚ್ಚು ಬೇಕು. ಬಾಯಿ ಹಿಗ್ಗಿ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಕತ್ತಿಯ ಆ ಚೆಂದದ ಬಾಗಿನಲ್ಲಿ ಒಂದು ಪಾಲು ಸುತ್ತಿಗೆಯದು, ಇನ್ನೊಂದು ಪಾಲು ನೀರಿನದು. ಕಾವು ಹೆಚ್ಚಾದರೆ ಬಾಯಿಗೆ ಅಡ್ಡಲಾಗಿ ಕೂದಲೆಳೆಯಂಥ ಬಿರುಕು ಬೀಳಬಹುದು. ಹಗಿರೆ ಎಂಬ ಈ ದೋಷಕ್ಕೆ ಮದ್ದಿಲ್ಲ.

ಹಾಮೊನ್‌ನ ಗಡಿಯಲ್ಲಿ ಹರಳುಗಳು ಒಂದೊಂದಾಗಿ ಕಣ್ಣಿಗೆ ಸಿಕ್ಕರೆ ನಿಯೆ, ಮಂಜಿನಂತೆ ಬೆರೆತಿದ್ದರೆ ನಿಯೊಯ್. ವಸ್ತು ಒಂದೇ, ಕಣದ ಗಾತ್ರ ಬೇರೆ. ಬಿಜೆನ್ ಪ್ರಾಂತ್ಯದ ಕತ್ತಿಗಳಲ್ಲಿ ನಿಯೊಯ್ ಹೆಚ್ಚು. ಸೋಷೂ ಎಂಬ ಕಮ್ಮಾರರ ಪರಂಪರೆ ನಿಯೆಗೆ ಹೆಸರುವಾಸಿ. ಕೆಲವು ಅಲಗುಗಳಲ್ಲಿ ಹಾಮೊನ್‌ನಿಂದ ಬಾಯಿಯ ಕಡೆಗೆ ಸಣ್ಣ ಗೆರೆಗಳು ಇಳಿದಿರುತ್ತವೆ. ಇವು ಅಷಿ, ಅಂದರೆ ಕಾಲು. ಅಲ್ಲಿ ಉಕ್ಕು ಮೆತು, ಆದ್ದರಿಂದ ಬಾಯಿ ಎಲ್ಲಾದರೂ ಚಕ್ಕೆ ಎದ್ದರೆ ಅದು ಮುಂದಕ್ಕೆ ಹರಿಯದೆ ಆ ಗೆರೆಯಲ್ಲೇ ನಿಲ್ಲುವ ಸಂಭವ ಹೆಚ್ಚು. ಆಸಿಡ್ ಹಚ್ಚಿ ತಯಾರಿಸಿದ ಅಗ್ಗದ ನಕಲಿಯಲ್ಲಿ ಇದೊಂದೂ ಇಲ್ಲ. ಯಾವ ಕೋನದಿಂದ ನೋಡಿದರೂ ಅದೇ ಚಪ್ಪಟೆ ಬಿಳುಪು.

ಹಾಮೊನ್‌ನಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಮರದ ಹಲಗೆಯಂಥ ಎಳೆಗಳು ಕಾಣುತ್ತವೆ. ಕಬ್ಬಿಣದ ಮರಳು ಮತ್ತು ಇದ್ದಿಲಿನಿಂದ ತೆಗೆದ ತಮಹಗಾನೆ ಉಕ್ಕಿನಲ್ಲಿ ಕಾರ್ಬನ್ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ, ಜೊತೆಗೆ ಕಿಟ್ಟ. ಕಾಯಿಸಿ, ಬಡಿದು, ಮಡಚುವುದು ಇದನ್ನು ಸರಿಪಡಿಸಲು. 15 ಸಲ ಮಡಚಿದರೆ 32,768 ಪದರ. ಸಾವಿರ ಸಲ ಮಡಚಿದ ಕತ್ತಿಯೆಂಬುದು ಬರೀ ಕಟ್ಟುಕಥೆ: ಪ್ರತಿ ಮಡಿಕೆಗೂ ಒಂದಿಷ್ಟು ಕಾರ್ಬನ್ ಸುಟ್ಟುಹೋಗುತ್ತದೆ, ಅಷ್ಟು ಮಡಚಿದರೆ ಉಕ್ಕೇ ಉಳಿಯದು. ಅಂದಹಾಗೆ, 'ವೂಟ್ಸ್' ಎಂದು ಲೋಕ ಕರೆದ ದಕ್ಷಿಣ ಭಾರತದ ಉಕ್ಕಿನ ಎಳೆಗಳು ಮಡಿಕೆಯಿಂದ ಬಂದವಲ್ಲ. ಮೂಸೆಯಲ್ಲಿ ಕರಗಿ ನಿಧಾನವಾಗಿ ತಣಿದ ಗಟ್ಟಿಯನ್ನು ಬಡಿಯುವಾಗ ಕಾರ್ಬೈಡ್ ಸಾಲುಗಟ್ಟಿ ಅವು ಮೂಡುತ್ತವೆ. ವೂಟ್ಸ್ ಎಂಬ ಹೆಸರಿಗೆ ನಮ್ಮ 'ಉಕ್ಕು' ಪದವೇ ಮೂಲವೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಪ್ರತಿ ಸಾಣೆಯೂ ಅಲಗನ್ನು ಸವೆಸುತ್ತದೆ. ಹೊರಗವಚದ ಗಡುಸು ಉಕ್ಕು ತೆಳುವಾದಂತೆ ಒಳಗಿನ ಮೆದು ಉಕ್ಕು ಎಳೆಯಿಲ್ಲದ ಮಂಕು ತೇಪೆಯಾಗಿ ಇಣುಕುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಹಿಡಿಯೊಳಗೆ ಸೇರುವ ಭಾಗಕ್ಕೆ ಯಾರೂ ಸಾಣೆ ಮುಟ್ಟಿಸುವುದಿಲ್ಲ. ಬಿದಿರಿನ ಗೂಟ ತೆಗೆದು ಹಿಡಿ ಕಳಚಿದರೆ ಅಲ್ಲಿ ಶತಮಾನಗಳ ಕಪ್ಪು ತುಕ್ಕಿದೆ. ಕತ್ತಿಯ ವಯಸ್ಸನ್ನು ಹೇಳುವ ಮುಖ್ಯ ಸಾಕ್ಷಿಗಳಲ್ಲಿ ಇದೂ ಒಂದು. ಕೊಳೆಯೆಂದುಕೊಂಡು ಉಜ್ಜಿ ತೆಗೆದವರು ಕತ್ತಿಯ ಬೆಲೆಯನ್ನೂ ಅದರೊಡನೆ ಉಜ್ಜಿಹಾಕಿರುತ್ತಾರೆ.

ಕಮ್ಮಾರನ ಸಹಿ ಇರುವುದೂ ಅಲ್ಲೇ. ಆದರೆ ಸುಳ್ಳು ಸಹಿಗಳು ಹೇರಳ. ಮೇಲಾಗಿ, ಹಳೆಯ ಉದ್ದ ಕತ್ತಿಗಳನ್ನು ಆಮೇಲಿನವರು ಹಿಡಿಯ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿದಾಗ ಅಸಲಿ ಸಹಿಗಳೂ ತುಂಡಾಗಿ ಹೋದವು. ಸೋಷೂ ಪರಂಪರೆಯ ಹೆಸರಾಂತ ಕಮ್ಮಾರ ಮಸಮುನೆಯದೆಂದು ಒಪ್ಪಿದ ಕತ್ತಿಗಳಲ್ಲಿ ಬಹುಪಾಲಿಗೆ ಸಹಿಯಿಲ್ಲ. ಅವನ ಕೈಯನ್ನು ಗುರುತಿಸುವವರು ಮತ್ತೆ ಬಲ್ಬಿನ ಮುಂದೆ ಕೂತು ಅಲಗಿನ ರೂಪ, ಎಳೆ, ನಿಯೆ ನೋಡಿಯೇ ಗುರುತಿಸಬೇಕು.