ಬ್ಯಾಟರಿ ಒಳಗೇ ಅಂಟಿಕೊಂಡದ್ದು ಹೇಗೆ?

ಹುಬ್ಬಳ್ಳಿಯಾಗಲಿ ಗದಗವಾಗಲಿ, ಮೊಬೈಲ್ ರಿಪೇರಿ ಅಂಗಡಿಯ ಕೌಂಟರಿನಲ್ಲಿ ಹೆಚ್ಚು ಕೇಳಿಬರುವ ದೂರು ಒಂದೇ: "ಚಾರ್ಜ್ ನಿಲ್ಲವಲ್ದ್ರೀ." ಅದರ ಬೆನ್ನಿಗೇ ಇನ್ನೊಂದು ಮಾತು: ಹಳೇ ಬಟನ್ ಸೆಟ್ ವಾರಗಟ್ಟಲೆ ನಡೀತಿತ್ತು. ಎರಡೂ ಖರೆ. ಆದರೆ ಈಗಿನ ಬ್ಯಾಟರಿಯೇ ಕಳಪೆ ಎಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ.

2003ರಲ್ಲಿ ಬಂದ ನೋಕಿಯಾ 1100ರ ಬಿಎಲ್-5ಸಿ ಬ್ಯಾಟರಿ 850 ಎಂಎಎಚ್ (ಮಿಲಿಆಂಪಿಯರ್-ಅವರ್) ಸಾಮರ್ಥ್ಯದ್ದು. 3.7 ವೋಲ್ಟ್‌ನಿಂದ ಗುಣಿಸಿದರೆ ಸುಮಾರು 3 ವ್ಯಾಟ್-ಅವರ್; ಬ್ಯಾಟರಿಯಲ್ಲಿ ತುಂಬುವ ಒಟ್ಟು ಶಕ್ತಿಯ ಅಳತೆ ಇದು. ಈಗಿನ ಸಾಮಾನ್ಯ 5000 ಎಂಎಎಚ್ ಬ್ಯಾಟರಿಯಲ್ಲಿ 19 ವ್ಯಾಟ್-ಅವರ್ ಇರುತ್ತದೆ, ಅಂದರೆ ಆರು ಪಟ್ಟು. ನೋಕಿಯಾ 1100ಕ್ಕೆ ಕಂಪನಿ ಹೇಳಿದ್ದು 400 ತಾಸಿನ ಸ್ಟ್ಯಾಂಡ್‌ಬೈ. 850ನ್ನು 400ರಿಂದ ಭಾಗಿಸಿ ನೋಡಿದರೆ ಆ ಸೆಟ್ ಸುಮ್ಮನೆ ಕೂತಾಗ ಎಳೆಯುತ್ತಿದ್ದದ್ದು ಬರೀ 2 ಮಿಲಿಆಂಪಿಯರ್. ಸ್ಮಾರ್ಟ್‌ಫೋನಿನಲ್ಲಿ ಪರದೆ ಹೊತ್ತಿಸಿ ವಿಡಿಯೊ ನೋಡುವಾಗ 200ರಿಂದ 400 ಮಿಲಿಆಂಪಿಯರ್ ಹೋಗುವುದು ಸಾಮಾನ್ಯ. ಕಲಘಟಗಿ, ಅಳ್ನಾವರ ಕಡೆಯ ಕಾಡಂಚಿನಲ್ಲಿ ಸಿಗ್ನಲ್ ಕ್ಷೀಣವಿದ್ದರೆ ಟವರ್ ಮುಟ್ಟಲು ಫೋನು ಇನ್ನಷ್ಟು ಜೋರು ಮಾಡಬೇಕಾಗುತ್ತದೆ, ಪರದೆ ಆರಿದ್ದರೂ ಚಾರ್ಜ್ ಸೋರುತ್ತದೆ. 4ಜಿ ಬಂದ ಮೇಲೆ ಕೀಪ್ಯಾಡ್ ಫೋನೂ ಮೊದಲಿನಷ್ಟು ಬಾಳುತ್ತಿಲ್ಲ.

ಹಾಗಾಗಿ ನಿಜವಾಗಿ ಕೈತಪ್ಪಿದ್ದು ಬದಲಿಸುವ ಸೌಕರ್ಯ. ಬಿಎಲ್-5ಸಿ ಕಾಲದಲ್ಲಿ ಉಗುರಿನಿಂದ ಮುಚ್ಚಳ ಎತ್ತಿ ಬೇರೆ ಬ್ಯಾಟರಿ ಹಾಕಿದರೆ ಕೆಲಸ ಮುಗಿಯಿತು. ಕರೆಂಟ್ ಹೋಗುವ ಹಳ್ಳಿಗಳಲ್ಲಿ ಕಿಸೆಯಲ್ಲೊಂದು ಸ್ಪೇರ್ ಇರುತ್ತಿತ್ತು; ಎರಡು ಪಿನ್ ಸರಿಸಿ ಯಾವ ಬ್ಯಾಟರಿಗಾದರೂ ಕೂರಿಸುವ ಯೂನಿವರ್ಸಲ್ ಚಾರ್ಜರ್ ಪಾನ್ ಅಂಗಡಿಯಲ್ಲೂ ಸಿಗುತ್ತಿತ್ತು. ಆ ಕಾಲವೇನೂ ಸುವರ್ಣಯುಗವಲ್ಲ. ಒಳಗೆ ರಕ್ಷಣಾ ಸರ್ಕ್ಯೂಟೇ ಇಲ್ಲದ ಡೂಪ್ಲಿಕೇಟ್ ಮಾಲು ರಾಶಿ ರಾಶಿ ಬಂತು. ಅಸಲಿಯೂ ತಪ್ಪಿಸಿಕೊಳ್ಳಲಿಲ್ಲ: 2005ರ ಡಿಸೆಂಬರಿನಿಂದ 2006ರ ನವೆಂಬರ್ ನಡುವೆ ಮತ್ಸುಶಿತಾ ಕಂಪನಿ ತಯಾರಿಸಿದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ಬಿಸಿಯೇರಬಹುದೆಂದು 2007ರ ಆಗಸ್ಟಿನಲ್ಲಿ ನೋಕಿಯಾ ಎಚ್ಚರಿಸಿ, ಬದಲಿಸಿಕೊಡುವುದಾಗಿ ಹೇಳಿತು.

ಆದರೆ ಕೆಟ್ಟದ್ದು ಆಗ ಕಣ್ಣಿಗೆ ಕಾಣುತ್ತಿತ್ತು. ಬ್ಯಾಟರಿಯನ್ನು ಕೌಂಟರಿನ ಗಾಜಿನ ಮೇಲಿಟ್ಟು ಬೆರಳಿನಿಂದ ತಿರುವುತ್ತಿದ್ದರು. ಚಪ್ಪಟೆಯಾಗಿದ್ದರೆ ಗಾಜಿಗೆ ಕಚ್ಚಿ ನಿಲ್ಲುತ್ತದೆ. ಊದಿದ್ದರೆ ಹೊಟ್ಟೆಯ ಮೇಲೆ ಬುಗುರಿಯ ಹಾಗೆ ಗರಗರ ತಿರುಗುತ್ತದೆ. ಈಗ ಅದೇ ಊತ ಒಳಗಿಂದ ಡಿಸ್‌ಪ್ಲೇಯನ್ನು ಎತ್ತಿದಾಗಲೇ ತಿಳಿಯುವುದು.

2007ರಲ್ಲಿ ಐಫೋನ್ ತೆಗೆಯಲಾಗದ ಬ್ಯಾಟರಿಯೊಂದಿಗೇ ಬಂತು. ಆಂಡ್ರಾಯ್ಡ್ ಕಂಪನಿಗಳು ಬಹಳ ದಿನ ಮುಚ್ಚಳ ಬಿಡಲಿಲ್ಲ. ಸ್ಯಾಮ್‌ಸಂಗ್‌ನ 2014ರ ಗ್ಯಾಲಕ್ಸಿ ಎಸ್5ರಲ್ಲಿ ಮುಚ್ಚಳ ಇತ್ತು, 2015ರ ಎಸ್6ರಲ್ಲಿ ಹೋಯಿತು. 2016ರಲ್ಲಿ ಎಲ್‌ಜಿ ಜಿ5 ಫೋನಿನ ತಳವನ್ನೇ ಎಳೆದು ಬ್ಯಾಟರಿ ತೆಗೆಯುವ ಉಪಾಯ ಮಾಡಿತು, ಅದೂ ನಿಲ್ಲಲಿಲ್ಲ. ಕಂಪನಿಗಳು ಕೊಡುವ ಕಾರಣಗಳಲ್ಲಿ ಜಾಗದ್ದು ಸರಿ: ಕೈಯಲ್ಲಿ ಹಿಡಿಯುವ ಬ್ಯಾಟರಿಗೆ ಗಟ್ಟಿ ಕವಚ ಬೇಕು, ಒಳಗೇ ಅಂಟಿಸುವುದಾದರೆ ತೆಳು ಚೀಲದಂಥ ಪೌಚ್ ಸಾಕು. ಮುಚ್ಚಳ ಅಂಟಿಸಿದರೇ ನೀರು ಒಳಹೋಗುವುದಿಲ್ಲ ಎಂಬ ನೆಪ ಅಷ್ಟು ಗಟ್ಟಿಯಲ್ಲ. ಮುಚ್ಚಳ ತೆಗೆಯಲು ಬರುತ್ತಿದ್ದ ಎಸ್5ಕ್ಕೇ ನೀರು-ಧೂಳು ತಡೆಯುವ ಐಪಿ67 ದರ್ಜೆಯ ರಕ್ಷಣೆ ಇತ್ತು.

ಈಗ ಬದಲಿಸುವುದೆಂದರೆ ಮೇಜಿನ ಕೆಲಸ. ಚಾರ್ಜ್ 25%ಕ್ಕಿಂತ ಕೆಳಗಿಳಿಸಿ ಫೋನ್ ಆಫ್ ಮಾಡಬೇಕು, ಸಿಮ್ ಟ್ರೇ ತೆಗೆಯಬೇಕು. ಹಿಂಬದಿಯ ಅಂಚಿಗೆ ಸುಮಾರು 80 ಡಿಗ್ರಿ ಬಿಸಿ ಕೊಟ್ಟು, ಸಕ್ಷನ್ ಕಪ್ಪಿನಿಂದ ಎತ್ತಿ, ಸಂದಿನಲ್ಲಿ ಪ್ಲಾಸ್ಟಿಕ್ ಪಿಕ್ ಹಾಯಿಸಬೇಕು. ಫಿಂಗರ್‌ಪ್ರಿಂಟ್ ಸೆನ್ಸರ್ ಹಿಂಬದಿಯಲ್ಲಿದ್ದರೆ ಫಳಕ್ಕನೆ ಎಳೆಯುವಂತಿಲ್ಲ. ಬೋರ್ಡಿಗೆ ಹೋಗುವ ರಿಬ್ಬನ್ ಹರಿಯುತ್ತದೆ. ಸ್ಕ್ರೂ ಬಿಚ್ಚಿದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು. ಹಳೇ ಬ್ಯಾಟರಿಯನ್ನು ಸ್ಕ್ರೂಡ್ರೈವರಿನಿಂದ ಮೀಟುವುದೇ ದೊಡ್ಡ ಅಪಾಯ. ಪೌಚ್ ತೂತಾದರೆ ಒಳಗಿನ ಪದರಗಳು ಶಾರ್ಟ್ ಆಗಿ ಬೆಂಕಿ ಏಳುತ್ತದೆ. ಬ್ಯಾಟರಿಯನ್ನು ಎತ್ತಲೆಂದೇ ಕೆಳಗೆ ಅಂಟಿಸಿರುವ ಎಳೆಯುವ ಪಟ್ಟಿ ಇಲ್ಲದಿದ್ದರೆ ಅಂಚಿಗೆ ನಾಲ್ಕು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಅಂಟು ಮೆತ್ತಗಾಗುವವರೆಗೆ ಕಾಯಬೇಕು.

ಹೊಸದನ್ನು ಕೂರಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. 3.7 ವೋಲ್ಟ್ ಆಸುಪಾಸು ತೋರಿಸಬೇಕು. 3ಕ್ಕಿಂತ ಕಡಿಮೆ ಇದ್ದರೆ ಅಂಗಡಿಯ ಡಬ್ಬಿಯಲ್ಲಿ ಬಹುಕಾಲ ಬಿದ್ದು ಸತ್ತ ಮಾಲು, ವಾಪಸ್ ಕೊಡಿ. ಮೇಲೆ ಬ್ಯಾಟರಿ ಸುರಕ್ಷತೆಯ ಭಾರತೀಯ ಮಾನಕವಾದ ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇದೆಯೇ ನೋಡಿ. ಚಾರ್ಜಿಂಗ್, ಟಚ್, ಕ್ಯಾಮೆರಾ ಪರೀಕ್ಷೆಯಾದ ಮೇಲಷ್ಟೇ ಬಿ-7000 ಅಂಟು ಹಚ್ಚಿ ಕ್ಲಿಪ್ ಹಾಕಬೇಕು. ಆ ಅಂಟು ಪೂರ್ತಿ ಬಿಗಿಯಾಗಲು ಒಂದೆರಡು ದಿನ ಬೇಕು. ನೀರು ತಡೆಯುವ ಗುಣ ಮೊದಲಿನಂತೆ ಉಳಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ಸೀಮೆಯಲ್ಲಿ ಬ್ಯಾಟರಿ ಬೇಗ ಸಾಯುವುದು ಬೇಸಿಗೆಯ ಬಿಸಿಗೆ. ಐಫೋನಿಗೆ ಆಪಲ್ ಹೇಳುವ ಬಳಕೆಯ ಮಿತಿಯೇ 35 ಡಿಗ್ರಿ. ಏಪ್ರಿಲ್-ಮೇನಲ್ಲಿ ಹುಬ್ಬಳ್ಳಿ, ಗದಗ ಅದನ್ನು ದಾಟುತ್ತವೆ; ಟ್ರ್ಯಾಕ್ಟರಿನ ಡ್ಯಾಶ್‌ಬೋರ್ಡ್ ಮೇಲೆ ಚಾರ್ಜಿಗಿಟ್ಟ ಫೋನಿನ ಪಾಡು ಕೇಳುವುದೇ ಬೇಡ. ತುಂಬಿದ ಚಾರ್ಜ್ ಮತ್ತು ಬಿಸಿ ಕೂಡಿದರೆ ಒಳಗಿನ ಎಲೆಕ್ಟ್ರೊಲೈಟ್ ಎಂಬ ರಾಸಾಯನಿಕ ದ್ರವ ಒಡೆದು ಅನಿಲವಾಗುತ್ತದೆ. ಊತವೆಂದರೆ ಆ ಅನಿಲವೇ.

ಮುಚ್ಚಳ ಮರಳಿ ತೆರೆಸಲು ಯುರೋಪ್ ಒಕ್ಕೂಟ ಕಾನೂನು ಮಾಡಿದೆ. 2023ರ ಬ್ಯಾಟರಿ ನಿಯಮದಂತೆ, ಬಳಕೆದಾರನೇ ತೆಗೆದು ಹಾಕುವಂತಿರಬೇಕೆಂಬ ಷರತ್ತು 2027ರ ಫೆಬ್ರುವರಿ 18ರಿಂದ ಅನ್ವಯ. ಆದರೆ ಫೋನುಗಳಿಗೆ 2025ರ ಜೂನ್ 20ರಿಂದ ಜಾರಿಯಾದ ಇನ್ನೊಂದು ನಿಯಮದಲ್ಲಿ ಕಿಂಡಿಯೂ ಇದೆ: 1000 ಸಲ ಚಾರ್ಜ್ ಆದ ಮೇಲೂ 80% ಸಾಮರ್ಥ್ಯ ಉಳಿಸಿಕೊಂಡು, ನೀರು-ಧೂಳನ್ನೂ ತಡೆಯುವ ಫೋನಿನ ಬ್ಯಾಟರಿ ಬದಲಿಸುವ ಕೆಲಸ ರಿಪೇರಿಯವರ ಕೈಯಲ್ಲೇ ಉಳಿಯಬಹುದು. ಭಾರತದಲ್ಲಿ 2022ರಲ್ಲಿ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಹಳೇ ಬ್ಯಾಟರಿ ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿದೆ. ಹಾಗಾಗಿ ಊದಿದ ಬ್ಯಾಟರಿಯನ್ನು ಚುಚ್ಚಬೇಡಿ, ಒಲೆಗೂ ಕಸದ ಗಾಡಿಗೂ ಹಾಕಬೇಡಿ. ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳಿರುವ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.