ಮಣಿಕಟ್ಟಿನ ಎಂಆರ್‌ಐ ವಯಸ್ಸು ಹೇಳುವುದಿಲ್ಲ

ಹದಿನೇಳರೊಳಗಿನ ಹುಡುಗರ ಫುಟ್‌ಬಾಲ್ ವಿಶ್ವಕಪ್ ಮೊದಲು ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು, 24 ತಂಡ ಆಡುತ್ತಿದ್ದವು. 2025ರಿಂದ ಅದು ಪ್ರತಿವರ್ಷದ ಟೂರ್ನಿ, 48 ತಂಡ, 2029ರವರೆಗೂ ಕತಾರ್‌ನಲ್ಲೇ. ಊರಿನ ಮೈದಾನಕ್ಕೆ ಮಗನನ್ನು ಕಳಿಸುವ ಮನೆಯವರಿಗೆ ಈ ಬದಲಾವಣೆ ಬಹಳ ದೊಡ್ಡದು. 2017ರಲ್ಲಿ ನಮ್ಮ ದೇಶದಲ್ಲೇ ಟೂರ್ನಿ ನಡೆದಾಗ 2000ದ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಅವಕಾಶವಿತ್ತು. ಮುಂದಿನದ್ದು 2019ರಲ್ಲಿ, ಅದಕ್ಕೆ 2002ರಿಂದ. ನಡುವೆ 2001ರಲ್ಲಿ ಹುಟ್ಟಿದವನು ತನಗಿಂತ ಒಂದು ವರ್ಷ ದೊಡ್ಡವರ ಜೊತೆ ಪೈಪೋಟಿ ಮಾಡಿ ಜಾಗ ಗಿಟ್ಟಿಸದಿದ್ದರೆ ಅವನ ಕಥೆ ಅಲ್ಲಿಗೆ ಮುಗಿಯಿತು. ಈಗ ಹಾಗಿಲ್ಲ. 2025ಕ್ಕೆ 2008, 2026ಕ್ಕೆ 2009, ಹೀಗೆ ಪ್ರತಿ ಹುಟ್ಟುವರ್ಷಕ್ಕೂ ಅದರದ್ದೇ ಒಂದು ವಿಶ್ವಕಪ್ ಇದೆ. ಭಾರತದ ಹುಡುಗರು 2025ರ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ಇರಾನನ್ನು 2–1ರಿಂದ ಸೋಲಿಸಿ ಹದಿನೇಳರೊಳಗಿನವರ ಏಷ್ಯಾ ಕಪ್‌ಗೆ ಅರ್ಹತೆ ಪಡೆದ ಮೇಲಂತೂ ಸೆಲೆಕ್ಷನ್ ಟ್ರಯಲ್ಸ್ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ.

ಅವರಲ್ಲಿ ಬಹಳ ಜನರ ಪ್ರಶ್ನೆ ಒಂದೇ: "ಸಾರ್, ಕೈ ಸ್ಕ್ಯಾನ್ ಮಾಡಿಸಿದ್ರೆ ವಯಸ್ಸು ಗೊತ್ತಾಗುತ್ತಲ್ವಾ? ಆಮೇಲೆ ಕಾಗದ ಪತ್ರ ಯಾಕೆ?" ಆ ಸ್ಕ್ಯಾನ್ ಅಂದರೆ ಮಣಿಕಟ್ಟಿನ ಎಂಆರ್‌ಐ, ಅದರಿಂದ ವಯಸ್ಸು ಗೊತ್ತಾಗುವುದಿಲ್ಲ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮುಂಗೈಯಲ್ಲಿ ಹೆಬ್ಬೆರಳಿನ ಕಡೆ ಇರುವ ಮೂಳೆ ರೇಡಿಯಸ್. ಕಬ್ಬು ಗೆಣ್ಣಿನ ಬಳಿ ಬೆಳೆಯುವ ಹಾಗೆ ಈ ಮೂಳೆ ಮಣಿಕಟ್ಟಿನ ಹತ್ತಿರವಿರುವ ಮೃದ್ವಸ್ಥಿಯ ಒಂದು ತೆಳು ಪದರದಲ್ಲಿ ಉದ್ದವಾಗುತ್ತದೆ. ಅದನ್ನು ಬೆಳವಣಿಗೆಯ ತಟ್ಟೆ ಎನ್ನುತ್ತೇವೆ. ಹುಡುಗ ದೊಡ್ಡವನಾದಂತೆ ತಟ್ಟೆಯ ಮಧ್ಯದಿಂದ ಮೂಳೆ ಕಟ್ಟಿಕೊಳ್ಳುತ್ತಾ ಬಂದು, ಕೊನೆಗೆ ತಟ್ಟೆಯೇ ಇಲ್ಲದಂತಾಗುತ್ತದೆ. ಎಂಆರ್‌ಐಯ ಟಿ1 ಎಂಬ ಬಗೆಯ ಚಿತ್ರದಲ್ಲಿ ಮಜ್ಜೆಯ ಕೊಬ್ಬು ಬೆಳ್ಳಗೆ, ತಟ್ಟೆ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಆ ಕಪ್ಪು ಪಟ್ಟಿಯನ್ನು ಬಿಳುಪು ಎಷ್ಟು ದಾಟಿದೆ ಎನ್ನುವುದನ್ನೇ ನಾವು ರೇಡಿಯಾಲಜಿಸ್ಟ್‌ಗಳು, ಅಂದರೆ ಸ್ಕ್ಯಾನ್ ನೋಡುವ ವೈದ್ಯರು, ಓದುವುದು.

ಫೀಫಾದ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಆರು ದರ್ಜೆ ಕೊಟ್ಟರು. ಒಂದನೆಯದು ಪೂರ್ತಿ ತೆರೆದ ತಟ್ಟೆ. ಎರಡನೆಯದರಲ್ಲಿ ಕೂಡಿಕೆ ಈಗಷ್ಟೇ ಶುರು. ಮೂರರಲ್ಲಿ ಅರ್ಧಕ್ಕಿಂತ ಕಡಿಮೆ, ನಾಲ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಡಿರುತ್ತದೆ. ಐದರಲ್ಲಿ ಯಾವುದೇ ಒಂದು ಪದರದ ಚಿತ್ರದಲ್ಲಿ 5 ಮಿಲಿಮೀಟರಿಗಿಂತ ಕಡಿಮೆ ತಟ್ಟೆ ಉಳಿದಿರುತ್ತದೆ. ಆರನೆಯದು ಪೂರ್ತಿ ಮುಚ್ಚಿದ್ದು. ಸ್ವಿಟ್ಜರ್ಲೆಂಡ್, ಮಲೇಷ್ಯಾ, ಅಲ್ಜೀರಿಯಾ, ಅರ್ಜೆಂಟೀನಾಗಳ 14ರಿಂದ 19 ವಯಸ್ಸಿನ 496 ಆಟಗಾರರನ್ನು ಹೀಗೆ ನೋಡಿದಾಗ, 16 ವರ್ಷದವರಲ್ಲಿ ಆರನೆಯ ದರ್ಜೆ ಮುಟ್ಟಿದ್ದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆರನೆಯ ದರ್ಜೆ ಕಂಡರೆ ಹುಡುಗನಿಗೆ 17 ದಾಟಿರುವುದು ಬಹುತೇಕ ಖಚಿತ ಎಂಬ ನಿಯಮ ಹುಟ್ಟಿದ್ದು ಇಲ್ಲಿಂದ. 2009ರಲ್ಲಿ ನೈಜೀರಿಯಾದಲ್ಲಿ ನಡೆದ ವಿಶ್ವಕಪ್‌ನಿಂದ ಇದು ಬಳಕೆಗೆ ಬಂತು.

ಈಗ ಇದನ್ನೇ ತಿರುಗಿಸಿ ನೋಡಿ. ತಟ್ಟೆ ತೆರೆದಿದ್ದರೆ ಹುಡುಗನಿಗೆ 17 ಆಗಿಲ್ಲ ಎಂದು ಹೇಳಲು ಬರುತ್ತದೆಯೇ? ಬರುವುದಿಲ್ಲ. 18, 19 ತುಂಬಿದ ಎಷ್ಟೋ ಹುಡುಗರಲ್ಲಿ ತಟ್ಟೆ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಹಾಗಾಗಿ ಸ್ಕ್ಯಾನ್ ಒಬ್ಬನನ್ನು ಹೊರಗೆ ಹಾಕಬಲ್ಲದೇ ಹೊರತು ಯಾರ ವಯಸ್ಸಿಗೂ ಪ್ರಮಾಣಪತ್ರ ಕೊಡಲಾರದು. "ನನ್ನ ಮಗನ ಸ್ಕ್ಯಾನ್ ಪಾಸಾಗಿದೆ, ವಯಸ್ಸು ಸರಿಯಾಗಿದೆ ಎಂದು ಬರೆದುಕೊಡಿ" ಎಂದು ಯಾರಾದರೂ ಕೇಳಿದರೆ ಯಾವ ರೇಡಿಯಾಲಜಿಸ್ಟೂ ಬರೆಯಬಾರದು, ಬರೆದರೆ ತಪ್ಪು.

ಇನ್ನೊಂದು ಸೂಕ್ಷ್ಮವಿದೆ, ಇದು ಕೋಚ್‌ಗಳಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಟೂರ್ನಿಯ ಹೆಸರಿನಲ್ಲಿ 17 ಇದ್ದರೂ ಗಡಿ ಜನವರಿ 1. ಜನವರಿಯಲ್ಲಿ ಹುಟ್ಟಿದ ಹುಡುಗ ನವೆಂಬರ್ ಟೂರ್ನಿ ಆಡುವಾಗ ನಿಜವಾಗಿ 17 ವರ್ಷ 10 ತಿಂಗಳಿನವನು, ಆದರೂ ನಿಯಮದ ಪ್ರಕಾರ ಅರ್ಹ. ನೂರಕ್ಕೆ ಒಬ್ಬ ಎಂಬ ಲೆಕ್ಕ 16ರ ಹುಡುಗರದ್ದು, ಅವನದ್ದಲ್ಲ. ಅವನ ತಟ್ಟೆ ಸಹಜವಾಗಿಯೇ ಮುಚ್ಚಿರುವ ಸಾಧ್ಯತೆ ಅವರಿಗಿಂತ ಹೆಚ್ಚು. ಆದ್ದರಿಂದ ಸ್ಕ್ಯಾನ್ ಯಾವ ದಿನ ತೆಗೆದದ್ದು, ಆ ದಿನ ದಾಖಲೆಯ ಪ್ರಕಾರ ಹುಡುಗನಿಗೆ ಎಷ್ಟು ವರ್ಷ ಎಷ್ಟು ತಿಂಗಳು ಎಂಬುದು ವರದಿಯ ಮೇಲೆ ಇರಲೇಬೇಕು. ದರ್ಜೆಯನ್ನಷ್ಟೇ ಬರೆದ ವರದಿ ಅರ್ಧ ವರದಿ.

ಚಿತ್ರ ತೆಗೆಯುವುದರಲ್ಲೂ ಎಡವಟ್ಟುಗಳಾಗುತ್ತವೆ. ಎಡಗೈ ಮಣಿಕಟ್ಟು, ತೆಳು ಪದರಗಳು, ಕೆಲವೇ ನಿಮಿಷಗಳ ಕೆಲಸ. ಎಕ್ಸ್‌ರೇಯಂತೆ ವಿಕಿರಣವಿಲ್ಲ, ಇಂಜೆಕ್ಷನ್ ಇಲ್ಲ. ಆದರೆ ಕೈ ಅಲುಗಿದರೆ ಪದರ ಮಸುಕಾಗುತ್ತದೆ, ಐದೋ ಆರೋ ಎಂದು ತೀರ್ಮಾನಿಸಬೇಕಾದ ಜಾಗದಲ್ಲೇ ಮಸುಕು ಕೂತರೆ ಮತ್ತೆ ತೆಗೆಯುವುದೊಂದೇ ದಾರಿ. ಹುಡುಗನನ್ನು ಬೋರಲು ಮಲಗಿಸಿ ಕೈ ತಲೆಯ ಮುಂದಕ್ಕೆ ಚಾಚಿಸುತ್ತಾರೆ. ಭುಜ ನೋಯತೊಡಗಿದರೆ ಕೈ ಅಲುಗಿಯೇ ಅಲುಗುತ್ತದೆ, ಅದಕ್ಕೆ ಎದೆಯ ಕೆಳಗೆ ದಿಂಬು ಕೊಡಿ ಎಂದು ಮೊದಲೇ ಕೇಳಬೇಕು. ಕಡಗ, ಬೆಳ್ಳಿ ಉಡುದಾರ, ಲೋಹದ ತಾಯಿತ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಮೈಯಲ್ಲಿ ಪ್ಲೇಟು, ಸ್ಕ್ರೂ ಹಾಕಿಸಿದ್ದರೆ, ಹಲ್ಲಿಗೆ ತಂತಿ ಇದ್ದರೆ ಟೆಕ್ನಿಷಿಯನ್‌ಗೆ ಹೇಳಿ. ಎಡ ಮಣಿಕಟ್ಟು ಹಿಂದೆ ಮುರಿದಿದ್ದರೆ ಹೇಳುವುದು ಎಲ್ಲಕ್ಕಿಂತ ಮುಖ್ಯ. ತಟ್ಟೆಗೆ ಪೆಟ್ಟು ಬಿದ್ದ ಕಡೆ ಅದು ಬೇಗ ಮುಚ್ಚಿಕೊಳ್ಳಬಹುದು. ಗೋಲ್‌ಕೀಪರ್‌ಗಳಲ್ಲಿ ಇಂಥ ಹಳೆಯ ಪೆಟ್ಟು ಅಪರೂಪವಲ್ಲ. ಹಳೆಯ ಎಕ್ಸ್‌ರೇ, ಪುತ್ತೂರು ಕಟ್ಟು ಹಾಕಿಸಿದ್ದರೆ ಅದು ಯಾವ ವರ್ಷ ಎಂಬ ವಿವರ, ಎಲ್ಲ ಜೊತೆಗಿರಲಿ.

ಓದುವಾಗಿನ ನಿಜವಾದ ಕಷ್ಟ ಐದಕ್ಕೂ ಆರಕ್ಕೂ ನಡುವೆ. ಮುಚ್ಚಿದ ತಟ್ಟೆಯ ಜಾಗದಲ್ಲಿ ಒಂದು ತೆಳು ಕಪ್ಪು ಗೆರೆ ವರ್ಷಗಟ್ಟಲೆ ಉಳಿಯುತ್ತದೆ. ಅದು ಕಲೆ, ಉಳಿದ ತಟ್ಟೆಯಲ್ಲ. ಅನುಭವವಿಲ್ಲದ ಕಣ್ಣು ಒಂದನ್ನು ಇನ್ನೊಂದೆಂದು ಓದಬಹುದು. ಒಬ್ಬ ಹುಡುಗನ ಭವಿಷ್ಯ ಈ ಒಂದು ಗೆರೆಯ ಮೇಲೆ ನಿಂತಿರುವಾಗ ಕನಿಷ್ಠ ಇಬ್ಬರು ಪರಸ್ಪರ ಕೇಳದೆ ಬೇರೆ ಬೇರೆಯಾಗಿ ಓದಬೇಕು, ಭಿನ್ನ ಬಂದರೆ ಮೂರನೆಯವರಿಗೆ ಹೋಗಬೇಕು.

ಕ್ರಿಕೆಟ್‌ನಲ್ಲಿ ಬಳಸುವ ಟಿಡಬ್ಲ್ಯು3 ಎಂಬ ವಿಧಾನವೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಎಡಗೈಯ ಎಕ್ಸ್‌ರೇ. ರೇಡಿಯಸ್, ಅದರ ಪಕ್ಕದ ಅಲ್ನಾ ಮತ್ತು ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ಮೂಳೆ ಸೇರಿ 13 ಮೂಳೆಗಳಿಗೆ ಅಂಕ ಕೊಟ್ಟು ಮೂಳೆಯ ವಯಸ್ಸು ಲೆಕ್ಕ ಹಾಕುತ್ತಾರೆ. ಹುಡುಗರಲ್ಲಿ ಈ ಲೆಕ್ಕ 16.5 ವರ್ಷಕ್ಕೆ, ಹುಡುಗಿಯರಲ್ಲಿ 15ಕ್ಕೆ ಮುಗಿದುಹೋಗುತ್ತದೆ. ಹದಿಮೂರು, ಹದಿನಾಲ್ಕರ ಟೂರ್ನಿಗೆ ಇದು ಸರಿ, ಹದಿನೇಳರ ಗಡಿಗೆ ಕೈಗೆಟುಕುವುದಿಲ್ಲ. ಹುಡುಗಿಯರ ವಿಚಾರದಲ್ಲಿ ಎಂಆರ್‌ಐಯೂ ನಿಲ್ಲುವುದಿಲ್ಲ. ಅವರ ತಟ್ಟೆ ಬೇಗ ಮುಚ್ಚುವುದರಿಂದ 17ರೊಳಗಿನ ಹುಡುಗಿಯಲ್ಲಿ ಆರನೆಯ ದರ್ಜೆ ಕಂಡರೆ ಅದಕ್ಕೆ ಅರ್ಥವೇ ಇಲ್ಲ. 2022ರಲ್ಲಿ ಭುವನೇಶ್ವರ, ಮಡಗಾಂವ್, ನವಿ ಮುಂಬೈಗಳಲ್ಲಿ ಹುಡುಗಿಯರ ವಿಶ್ವಕಪ್ ನಡೆಯಿತು. ಅಂಥ ಟೂರ್ನಿಯ ಕನಸು ಕಾಣುವ ಹುಡುಗಿಗೆ ಆಧಾರ ಕಾಗದವೊಂದೇ.

ಹೀಗೆ ಸುತ್ತಿ ಸುತ್ತಿ ಬರುವುದು ಬರ್ತ್ ಸರ್ಟಿಫಿಕೇಟಿಗೇ. ನಮ್ಮ ಕಡೆ ತೊಂದರೆ ಶುರುವಾಗುವುದೂ ಇಲ್ಲೇ. ಮೊದಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಮನೆ ಮಂಡ್ಯದಲ್ಲಿ, ಮಗು ಹುಟ್ಟಿದ್ದು ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೋ ಕೆ.ಆರ್. ಪೇಟೆಯಲ್ಲೋ. ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ. ಮಂಡ್ಯದಲ್ಲಿ ಹುಡುಕಿ ಸಿಗಲಿಲ್ಲವೆಂದು ಹೊಸದಾಗಿ ಮಾಡಿಸಲು ಹೊರಟರೆ ಒಬ್ಬನಿಗೆ ಎರಡು ದಾಖಲೆ ಆಗುತ್ತದೆ, ಅಲ್ಲಿಂದ ಅನುಮಾನ ಶುರು. ಮೊದಲು ಹುಟ್ಟಿದ ಆಸ್ಪತ್ರೆ, ಆ ಊರಿನ ನೋಂದಣಾಧಿಕಾರಿ, ಇ-ಜನ್ಮ ತಂತ್ರಾಂಶ, ಈ ಮೂರೂ ಕಡೆ ವಿಚಾರಿಸಿ. ಸರ್ಟಿಫಿಕೇಟಿನಲ್ಲಿ ಹುಟ್ಟಿದ ದಿನದ ಜೊತೆ ನೋಂದಣಿಯಾದ ದಿನವೂ ಅಚ್ಚಾಗಿರುತ್ತದೆ. ಪರಿಶೀಲಿಸುವವರು ಮೊದಲು ನೋಡುವುದು ಅದನ್ನೇ. 21 ದಿನದೊಳಗೆ ಆದ ನೋಂದಣಿ ಅತ್ಯಂತ ಗಟ್ಟಿ. ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹನ್ನೆರಡನೇ ವಯಸ್ಸಿನಲ್ಲಿ, ಅದೂ ಟ್ರಯಲ್ಸ್ ಹಿಂದಿನ ತಿಂಗಳು, ನೋಂದಣಿ ಮಾಡಿಸಿದ್ದರೆ ದಿನಾಂಕ ನಿಜವೇ ಇದ್ದರೂ ನೂರು ಪ್ರಶ್ನೆ ಎದುರಿಸಬೇಕಾಗುತ್ತದೆ.

ಎಷ್ಟೋ ಸರ್ಟಿಫಿಕೇಟುಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ನಾಮಕರಣಕ್ಕೆ ಮೊದಲೇ ನೋಂದಣಿಯಾಗಿರುತ್ತದೆ, ಆಮೇಲೆ ಯಾರೂ ಹೋಗಿ ಹೆಸರು ಸೇರಿಸಿರುವುದಿಲ್ಲ. ನಿಯಮದಲ್ಲಿ ಅದಕ್ಕೆ 15 ವರ್ಷದವರೆಗೆ ಅವಕಾಶವಿದೆ. ಇಂದೇ ಕಪಾಟು ತೆಗೆದು ನೋಡಿ.

ಶಾಲೆಗೆ ಸೇರಿಸುವಾಗ ಆರು ತುಂಬಿಸಲು ನಾಲ್ಕು ತಿಂಗಳು ಹಿಂದೆ ಹಾಕಿಸಿದ ದಿನಾಂಕ, ಆಧಾರ್ ಮಾಡಿಸುವಾಗ ಅಂದಾಜಿನಲ್ಲಿ ಹೇಳಿದ ದಿನಾಂಕ, ಎಲ್ಲವೂ ಮುಂದೆ ಒಂದೇ ಮೇಜಿನ ಮೇಲೆ ಬಂದು ಕೂರುತ್ತವೆ. ಮೋಸದ ಉದ್ದೇಶ ಇಲ್ಲದ ಮನೆಯವರೂ ಇಲ್ಲಿ ಸಿಕ್ಕಿಬೀಳುವುದು ನೋಡಿದರೆ ಸಂಕಟವಾಗುತ್ತದೆ. ತಿದ್ದುವ ಕ್ರಮ ಹೀಗಿರಲಿ: ಬರ್ತ್ ಸರ್ಟಿಫಿಕೇಟ್ ಬುಡ, ಅದಕ್ಕೆ ಹೊಂದುವಂತೆ ಶಾಲೆಯ ದಾಖಲೆ, ಆಮೇಲೆ ಆಧಾರ್, ಕೊನೆಗೆ ಪಾಸ್‌ಪೋರ್ಟ್. ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಅದನ್ನು ಅವಸರದಲ್ಲಿ ಕಳೆಯಬೇಡಿ. ಶಾಲೆಯ ತಿದ್ದುಪಡಿ ಎಸ್ಸೆಸ್ಸೆಲ್ಸಿಗೆ ಮೊದಲೇ ಮುಗಿಯಬೇಕು. ಅಂಕಪಟ್ಟಿ ಬಂದ ಮೇಲೆ ಬಹಳ ಸಲ ಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕಾಗುತ್ತದೆ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡುವ ಅಗತ್ಯವಿಲ್ಲ. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳಲ್ಲಿ ಒಂದು 2017ರಲ್ಲಿ ಮೈಸೂರಿನಲ್ಲೇ ಶುರುವಾಯಿತು. 15ರೊಳಗಿನ ಮಕ್ಕಳ ಪಾಸ್‌ಪೋರ್ಟ್ ಹೆಚ್ಚೆಂದರೆ ಐದು ವರ್ಷ ಬಾಳುತ್ತದೆ. ಹತ್ತರಲ್ಲಿ ಮಾಡಿಸಿದ್ದು ಹದಿನೈದಕ್ಕೆ, ಅಂದರೆ ಕ್ಯಾಂಪಿನ ಕರೆ ಬರುವ ವಯಸ್ಸಿಗೇ, ಮುಗಿಯುತ್ತದೆ.

ಸುಳ್ಳಿಗೆ ತೆರಬೇಕಾದ ಬೆಲೆ ಒಬ್ಬ ಹುಡುಗನದಷ್ಟೇ ಅಲ್ಲ. 1988ರಲ್ಲಿ ಮೆಕ್ಸಿಕೊ 20ರೊಳಗಿನವರ ಅರ್ಹತಾ ಟೂರ್ನಿಯಲ್ಲಿ ವಯಸ್ಸು ಮೀರಿದ ನಾಲ್ವರನ್ನು ಆಡಿಸಿ ಸಿಕ್ಕಿಬಿತ್ತು. ಫೀಫಾ ಇಡೀ ದೇಶವನ್ನು ಎರಡು ವರ್ಷ ಹೊರಗಿಟ್ಟಿತು, 1988ರ ಒಲಿಂಪಿಕ್ಸ್ ಮತ್ತು 1990ರ ವಿಶ್ವಕಪ್ ಎರಡೂ ತಪ್ಪಿದವು.

ಕೋಚ್‌ಗಳಲ್ಲಿ ಒಂದು ಕಳಕಳಿಯ ಮಾತು. ವಯಸ್ಸು ಮರೆಮಾಚುವ ಆಸೆ ಹುಟ್ಟಿಸುವುದು ಹದಿಮೂರರಲ್ಲಿ ಎತ್ತರ, ತೂಕ ನೋಡಿ ಆರಿಸುವ ನಮ್ಮ ಪದ್ಧತಿ. ಒಂದೇ ವರ್ಷ ಹುಟ್ಟಿದ ಇಬ್ಬರಲ್ಲಿ ಜನವರಿಯವನು ಡಿಸೆಂಬರಿನವನಿಗಿಂತ ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡವನು. ಅದರ ಮೇಲೆ, ಆ ವಯಸ್ಸಿನ ಹುಡುಗರಲ್ಲಿ ಮೂಳೆಯ ಬೆಳವಣಿಗೆ ಎರಡು ವರ್ಷ ಮುಂದೆಯೋ ಹಿಂದೆಯೋ ಇರುವುದು ಪೂರಾ ಸಹಜ. ಮೈಸೂರಿನ ಚಾಮುಂಡಿ ವಿಹಾರದಲ್ಲೋ ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲೋ ಇಂಥ ಎರಡು ಮಕ್ಕಳನ್ನು ಎದುರುಬದುರು ನಿಲ್ಲಿಸಿ ಡಿಕ್ಕಿ ಹೊಡೆಸಿದರೆ ಗೆಲ್ಲುವುದು ಮೂಳೆ, ಆಟವಲ್ಲ.

ಅದಕ್ಕೊಂದು ಸುಲಭದ ಕೆಲಸವಿದೆ. ಗೋಡೆಗೆ ಅಳತೆ ಪಟ್ಟಿ ಅಂಟಿಸಿ, ಮೂರು ತಿಂಗಳಿಗೊಮ್ಮೆ, ಬೂಟು ಬಿಚ್ಚಿಸಿ, ಬೆಳಗಿನ ಪ್ರಾಕ್ಟೀಸಿಗೆ ಮೊದಲು ಎತ್ತರ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಸಂಜೆ ಅಳೆದರೆ ಬೆನ್ನುಮೂಳೆಯ ಡಿಸ್ಕ್ ಕುಗ್ಗಿ ಒಂದು ಸೆಂಟಿಮೀಟರ್ ವರೆಗೂ ಕಡಿಮೆ ಬರಬಹುದು, ಹೊತ್ತು ಬದಲಿಸಬೇಡಿ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ದಾಟಿದರೆ ಹುಡುಗ ಜೋರು ಬೆಳವಣಿಗೆಯಲ್ಲಿದ್ದಾನೆ ಎಂದು ತಿಳಿಯಿರಿ. ಆಗ ಮಂಡಿಚಿಪ್ಪಿನ ಕೆಳಗಿನ ಗುಬುಟು, ಹಿಮ್ಮಡಿಯ ಹಿಂಭಾಗ ನೋಯುವುದು ಸಾಮಾನ್ಯ, ಓಟ ತಡವರಿಸುವುದೂ ಸಾಮಾನ್ಯ. ಜಿಗಿತ, ಸ್ಪ್ರಿಂಟ್ ಕಡಿಮೆ ಮಾಡಿ ಚೆಂಡಿನ ಕೆಲಸ ಹೆಚ್ಚಿಸಿ, ಆ ಆರೆಂಟು ತಿಂಗಳಲ್ಲಿ ಅವನನ್ನು ಟೀಮಿನಿಂದ ಕೈಬಿಡಬೇಡಿ. ಆ ಪುಸ್ತಕದ ಮೊದಲ ಪುಟಕ್ಕೆ ಪ್ರತಿ ಹುಡುಗನ ಬರ್ತ್ ಸರ್ಟಿಫಿಕೇಟಿನ ಜೆರಾಕ್ಸ್ ಅಂಟಿಸಿ, ನೋಂದಣಿ ದಿನದ ಕೆಳಗೆ ಗೆರೆ ಎಳೆದಿಡಿ.