ವಾರಕ್ಕೊಂದು ಮಾತ್ರೆ ನುಂಗಿದ ಸೈನಿಕರು

ಸೇನೆಯಲ್ಲಿ ಡಾಕ್ಟರ್ ಕೊಟ್ಟ ಮಾತ್ರೆಯನ್ನು ಬೇಡ ಅನ್ನುವ ಹಾಗಿಲ್ಲ. ಮಲೇರಿಯಾ ಬರದ ಹಾಗೆ ಕೊಡುತ್ತಿದ್ದ ಮೆಫ್ಲೊಕ್ವಿನ್ ಅನ್ನುವ ಮಾತ್ರೆಯ ಕಥೆ ಅರ್ಥವಾಗಬೇಕಾದರೆ ಮೊದಲು ಇದು ತಿಳಿದಿರಬೇಕು.

ವಿಯೆಟ್ನಾಂ ಯುದ್ಧದ ಹೊತ್ತಿಗೆ ಮಲೇರಿಯಾ ಹಳೆಯ ಔಷಧ ಕ್ಲೋರೋಕ್ವಿನ್‌ಗೆ ಬಗ್ಗುತ್ತಿರಲಿಲ್ಲ. ಅದಕ್ಕೇ ಅಮೆರಿಕ ಸೇನೆಯ ವಾಲ್ಟರ್ ರೀಡ್ ಸಂಶೋಧನಾ ಸಂಸ್ಥೆ ಈ ಹೊಸ ಔಷಧ ತಯಾರಿಸಿತು. 1989ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ರೋಶ್ ಕಂಪನಿ ಅದನ್ನು ಲೇರಿಯಮ್ ಅನ್ನುವ ಹೆಸರಲ್ಲಿ ಮಾರಿತು. ವಾರಕ್ಕೆ ಒಂದೇ ಮಾತ್ರೆ, 250 ಮಿಲಿಗ್ರಾಂ. ಸೇನೆಗಳಿಗೆ ಇಷ್ಟವಾಗಿದ್ದೇ ಅದು.

1992-93ರಲ್ಲಿ ಸೊಮಾಲಿಯಾಗೆ ಹೋದ ಕೆನಡಾ ಸೈನಿಕರಿಗೆ, ಅವರ ದೇಶದಲ್ಲಿ ಪರವಾನಗಿ ಸಿಗುವ ಮೊದಲೇ ಇದನ್ನು ಕೊಟ್ಟರು. ಆಮೇಲೆ ಪೂರ್ವ ಟಿಮೋರ್‌ನಲ್ಲಿ ಆಸ್ಟ್ರೇಲಿಯಾದವರಿಗೆ, ಅಫ್ಘಾನಿಸ್ತಾನದಲ್ಲಿ ಅಮೆರಿಕದವರಿಗೆ. ಕೆಲವರಿಗೆ ಕೆಟ್ಟ ಕೆಟ್ಟ ಕನಸು, ಯಾರೋ ಬೆನ್ನು ಹತ್ತಿದ್ದಾರೆ ಅನ್ನುವ ಅನುಮಾನ, ತಲೆಸುತ್ತು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು.

ನನಗೆ ಜಾಸ್ತಿ ಸಂಕಟವಾಗುವುದು ಇಲ್ಲೇ. ಆತಂಕ, ಚಡಪಡಿಕೆ, ಗೊಂದಲ ಶುರುವಾದರೆ ಮಾತ್ರೆ ನಿಲ್ಲಿಸಬೇಕು ಅಂತ ಔಷಧದ ಮಾಹಿತಿ ಚೀಟಿಯಲ್ಲೇ ಇತ್ತು. ಆದರೆ ಗುಂಡು ಹಾರುವ ಜಾಗದಲ್ಲಿ ರಾತ್ರಿಯಿಡೀ ಎದೆ ಡವಗುಟ್ಟುತ್ತಾ ಎದ್ದು ಕೂತ ಹುಡುಗ ಇದು ಮಾತ್ರೆಯಿಂದ ಆಗಿದ್ದು, ಭಯದಿಂದಲ್ಲ ಅಂತ ಹೇಗೆ ಕಂಡುಹಿಡಿಯಬೇಕು? ಊರಿಗೆ ಮರಳಿದ ಮೇಲೆ ಡಾಕ್ಟರಿಗೂ ಅದು ಯುದ್ಧದ ಆಘಾತದ ಹಾಗೇ, ಅಂದರೆ ಪಿಟಿಎಸ್‌ಡಿ ಹಾಗೇ ಕಾಣುತ್ತದೆ ಅಲ್ವಾ.

ಈ ಗಂಟು ಬಿಡಿಸಲು ಹೊರಟವರು ಮಾಜಿ ಸೈನಿಕರೇ. ಅಮೆರಿಕ ಸೇನೆಯಲ್ಲಿ ವೈದ್ಯರಾಗಿದ್ದ ರೆಮಿಂಗ್ಟನ್ ನೆವಿನ್, ಇದು ಮನಸ್ಸಿನ ಕಾಯಿಲೆಯಲ್ಲ, ಔಷಧ ಮೆದುಳಿಗೆ ಮಾಡಿದ ಹಾನಿ ಎಂದು ವಾದಿಸುತ್ತಾ ಬಂದರು. 2013ರ ಜುಲೈನಲ್ಲಿ ಎಫ್‌ಡಿಎ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಔಷಧದ ಮೇಲೆ ಹಾಕಿಸಿತು: ತಲೆಸುತ್ತು, ಆಯ ತಪ್ಪುವುದು, ಕಿವಿಮೊರೆತ ಶಾಶ್ವತವಾಗಿಯೂ ಉಳಿಯಬಹುದು. ಅದೇ ವರ್ಷ ಅಮೆರಿಕದ ವಿಶೇಷ ಪಡೆಗಳಲ್ಲಿ ಅದು ನಿಂತಿತು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಕೊಡಿ ಎಂದು ಬ್ರಿಟನ್ನಿನ ಸಂಸದೀಯ ಸಮಿತಿ 2016ರಲ್ಲಿ ಹೇಳಿತು. 2018ರಲ್ಲಿ ಆಸ್ಟ್ರೇಲಿಯಾದ ಸೆನೆಟ್ ವಿಚಾರಣೆ ನಡೆಸಿತು.

ಆದರೂ 2020ರಲ್ಲಿ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ತಜ್ಞರು, ಮಾತ್ರೆ ಬಿಟ್ಟ ಮೇಲೂ ತೊಂದರೆ ಉಳಿಯುತ್ತದೆ ಅನ್ನಲು ಪುರಾವೆ ಸಾಲದು, ಇನ್ನೂ ಅಧ್ಯಯನ ಬೇಕು ಅಂದರು. ಪುರಾವೆ ಎಲ್ಲಿಂದ ಬರಬೇಕು? ಎಷ್ಟೋ ಸೈನಿಕರ ವೈದ್ಯಕೀಯ ದಾಖಲೆಯಲ್ಲಿ ಮಾತ್ರೆ ಕೊಟ್ಟಿದ್ದನ್ನೇ ಬರೆದಿಲ್ಲ. ಪರಿಹಾರ ಕೇಳಲು ಹೋದವರು ಈಗ ಮೊದಲು ತಾವು ಅದನ್ನು ನುಂಗಿದ್ದೇವೆ ಅಂತಲೇ ತೋರಿಸಬೇಕು.